ವಾರ್ನಿಷ್ ತೊಟ್ಟಿಯ ಅಕ್ಕ

ಹೋದ ವಾರ ಪೀಣ್ಯದಲ್ಲಿ ನೀರಿನ ಮೋಟಾರ್ ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ಕಾಯುತ್ತಿದ್ದಾಗ ಒಳಗಿನಿಂದ ವಾರ್ನಿಷ್‌ನ ಘಾಟು ಬಂತು. ತಲೆ ಗಿರ್ರೆಂದಿತು, ಜೊತೆಗೇ ಅಕ್ಕನ ನೆನಪಾಯಿತು. ಈ ಘಾಟಿನ ಪಕ್ಕದಲ್ಲೇ ವರ್ಷಗಟ್ಟಲೆ ಕೂತಿದ್ದರೂ ಅದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ...

ಎಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ನಾವೊಂದಷ್ಟು ಹೆಂಗಸರು ಮೋಟಾರಿನ ಕಾಯಿಲ್ ಸುತ್ತುತ್ತಿದ್ದೆವು. ಸುತ್ತಿದ್ದನ್ನು ವಾರ್ನಿಷ್ ತೊಟ್ಟಿಯಲ್ಲಿ ಅದ್ದುವ ಕೆಲಸವೆಂದರೆ ಎಲ್ಲರೂ ಮೂಗು ಮುರಿಯುವವರೇ. ಅಕ್ಕನಿಗೆ ಹುಟ್ಟಿನಿಂದ ವಾಸನೆಯೇ ತಿಳಿಯದೆಂದು ಗೊತ್ತಾದ ದಿನವೇ ಸೂಪರ್‌ವೈಸರ್ ಅವಳನ್ನು ಅಲ್ಲಿಗೆ ಹಾಕಿದ. ಪಕ್ಕದ ಹಳ್ಳಿಯವಳು, ನನಗಿಂತ ಸ್ವಲ್ಪ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಊಟದ ಹೊತ್ತಿನಲ್ಲಿ ಕಣ್ಣು ಮುಚ್ಚಿಸಿ ಒಮ್ಮೆ ಮಲ್ಲಿಗೆ, ಒಮ್ಮೆ ಒಣಮೀನು ಹಿಡಿದು ಕಾಡುತ್ತಿದ್ದೆವು. ಅವಳೂ ನಗುತ್ತಿದ್ದಳು.

ನಗಲಾಗದ ವಿಷಯ ಒಂದಿತ್ತು. ಇಪ್ಪತ್ತು ದಾಟಿದರೂ ಅವಳು ಮೈನೆರೆದಿರಲಿಲ್ಲ. ತಂಗಿ ಮೈನೆರೆದು ಆರತಿ ಮುಗಿದು ಮದುವೆಯೂ ಆಗಿತ್ತು. ಕೊನೆಗೆ ಮನೆಯವರು ಇವಳನ್ನು ಸೋದರಮಾವನಿಗೇ ಕೊಡುವುದೆಂದು ನಿಶ್ಚಯಿಸಿದರು. ಆ ಮಾವನಿಗೂ ವಾಸನೆ ತಿಳಿಯುತ್ತಿರಲಿಲ್ಲ, ಮೂವತ್ತಾದರೂ ಮೀಸೆ ಚಿಗುರಿರಲಿಲ್ಲ. ಒಬ್ಬರನ್ನೊಬ್ಬರು ಆಡಿಕೊಳ್ಳುವಂತಿಲ್ಲ ಎಂಬುದು ಹಿರಿಯರ ಲೆಕ್ಕಾಚಾರ. ಎತ್ತಿ ಆಡಿಸಿದ ಮಾವನನ್ನು ಗಂಡ ಎನ್ನಲು ಅಕ್ಕನಿಗೆ ಸುತರಾಂ ಮನಸ್ಸಿರಲಿಲ್ಲ.

"ಮಾವಂಗೂ ಅಂಗೇ, ನಂಗೂ ಇಂಗೇ. ಇಬ್ರಿಗೂ ಒಂದೇ ತರ ಯಾಕಾಯ್ತು ಕಣಮ್ಮಿ?" ಎಂದು ಒಂದು ದಿನ ಕೇಳಿದಳು.

ಪ್ರಶ್ನೆ ನನ್ನ ತಲೆಯನ್ನೂ ಹೊಕ್ಕಿತು. ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆವು, ಮಾವನೂ ಬಂದರು. ಡಾಕ್ಟರಮ್ಮ ಕಾಫಿಪುಡಿ ತರಿಸಿ ಇಬ್ಬರ ಮೂಗಿಗೂ ಹಿಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಮುಂದಿನ ಸಲ ಬಿಡಿಸಿ ಹೇಳಿದರು. ಮೈ ಬಲಿಯಲು ಮಿದುಳು ಕೊಡಬೇಕಾದ ಸೂಚನೆಯೇ ಇವರಲ್ಲಿ ಹೊರಡುತ್ತಿಲ್ಲ. ವಾಸನೆ ತಿಳಿಯದಿರುವುದೂ ಅದರ ಜೊತೆಗೇ ಬಂದದ್ದು. ವಂಶದಲ್ಲಿ ಹರಿಯುತ್ತದೆ, ತಾಯಿಯಲ್ಲಿ ಏನೂ ಕಾಣದೆ ಮಗಳಿಗೆ ದಾಟಿರಬಹುದು. ಸೂಚನೆ ಕೊಡುವ ಜೀವಕೋಶಗಳು ಗರ್ಭದಲ್ಲಿ ಮೂಗಿನ ಕಡೆಯಿಂದಲೇ ಮಿದುಳಿಗೆ ಸಾಗಬೇಕಂತೆ, ಜೀನಿನಲ್ಲಿ ದೋಷವಿದ್ದರೆ ದಾರಿಯಲ್ಲೇ ನಿಂತುಬಿಡುತ್ತವಂತೆ... ಈ ಕೊನೆಯ ಮಾತನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ.

"ನಿಮ್ಮಿಬ್ರಿಗೂ ಔಷಧಿ ಇದೆ. ಆದ್ರೆ ಒಬ್ಬರನ್ನೊಬ್ಬರು ಮದ್ವೆ ಆಗ್ಬೇಡಿ, ಮಕ್ಕಳಿಗೂ ಇದೇ ಬರಬಹುದು," ಎಂದರು ಡಾಕ್ಟರಮ್ಮ.

ಮಾತ್ರೆ ನುಂಗುತ್ತಾ ಅಕ್ಕ ಮೈದುಂಬಿಕೊಂಡಳು, ಒಂದು ದಿನ ಮುಟ್ಟೂ ಆದಳು. ಅವಳ ತಾಯಿ "ಮಾತ್ರೇಲಿ ಬಂದಿದ್ಕೆ ಯಾವ ಆರತಿ?" ಎಂದು ಸುಮ್ಮನಾದರು. ಮಾವನ ಜೊತೆಗಿನ ಮದುವೆಯ ಮಾತನ್ನು ಮಾತ್ರ ಬಿಟ್ಟಿರಲಿಲ್ಲ. ಆ ಸಂಜೆ ಮಾವ ಹಸಿ ತೆಂಗಿನ ಗರಿ ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. ಮೈನೆರೆದವಳಿಗೆ ಗರಿಯ ಗುಡ್ಲು ಕಟ್ಟುವುದು ಅವರಲ್ಲಿ ಸೋದರಮಾವನ ಹಕ್ಕು.

"ನಾನು ಮಾವನಾಗಿ ಗುಡ್ಲು ಕಟ್ಟಕ್ಕೆ ಬಂದಿವ್ನಿ. ಗಂಡ್ನ ಬೇರೆ ಕಡೆ ನೋಡು," ಎಂದರು ಅಕ್ಕನ ತಾಯಿಗೆ. ನಾನೂ ಅಲ್ಲಿದ್ದೆ. ಅಳು ತಡೆಯಲಾಗಲಿಲ್ಲ.

ಅಕ್ಕ ಬೇರೆಯವರನ್ನು ಮದುವೆಯಾಗಿ ಸುಖವಾಗಿಯೇ ಇದ್ದಳು. ಮಾವ ಮಾತ್ರ ಆಸ್ಪತ್ರೆಯ ಕಡೆ ಮತ್ತೆ ತಲೆ ಹಾಕಲಿಲ್ಲ, ಅವಳು ಎಷ್ಟು ಗೋಗರೆದರೂ. ಔಷಧಿಯಿಲ್ಲದೆ ಮೂಳೆ ಸವೆದು ಅವರು ಹಾಸಿಗೆ ಹಿಡಿದಾಗ ಅವಳೇ ನೋಡಿಕೊಂಡಳು. ಔಷಧಿ ಯಾಕೆ ಬೇಡವೆಂದೆ ಮಾವಾ ಎಂದು ಆಗ ಕೇಳಿದಳಂತೆ.

"ನಿಂಗೆ ಗುಡ್ಲು ಕಟ್ಟಕ್ಕೆ ನಾನಿದ್ದೆ. ನಂಗ್ಯಾರು ಕಟ್ತಿದ್ರವ್ವಾ?" ಅಂದರಂತೆ.

ಈಗ ಅಕ್ಕನೂ ಇಲ್ಲ. ಇದ್ದಿದ್ದರೆ ಕೂತು ಮಾತಾಡಬಹುದಿತ್ತು, ಗಂಡುಹುಡುಗರು ದೊಡ್ಡವರಾದಾಗ ನಮ್ಮಲ್ಲಿ ಯಾರೂ ಏನೂ ಯಾಕೆ ಮಾಡುವುದಿಲ್ಲ ಎಂದು...