ಇಕಾಮಾದಲ್ಲಿದ್ದ ಡ್ರೈವರ್

ಸೌದಿಯ ದಮ್ಮಾಮ್‌ನ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಯಂತ್ರ ನಡೆಸುವವನು ನಾನು. ಆ ವರ್ಷ ನಮ್ಮ ಕಣ್ಣಿನ ಡಾಕ್ಟರು ಒಂದು ಸಂಶೋಧನೆ ಹಚ್ಚಿಕೊಂಡಿದ್ದರು. ವಿಶೇಷ ನೀರಿನ ಹನಿಯನ್ನು ಕಣ್ಣಿಗೆ ಬಿಟ್ಟು, ಅದು ಒಳಗಿನ ದ್ರವದಲ್ಲಿ ಹೇಗೆ ಸಾಗುತ್ತದೆ ಎಂದು ನಿಮಿಷ ನಿಮಿಷಕ್ಕೂ ಚಿತ್ರ ತೆಗೆಯಬೇಕು. ಕಣ್ಣಿನ ಒತ್ತಡ ಹೆಚ್ಚಿದವರು ಬೇಕಾಗಿದ್ದರು. ಹಾಗೆ ಬಂದವರು ನಮ್ಮ ಉಡುಪಿ ಕಡೆಯ, ಐವತ್ತು ದಾಟಿದ ಒಬ್ಬರು. ಎಡಗಣ್ಣು ಮಂಜಾಗಿದೆ ಎಂದರು.

ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ. ಕಣ್ಣಲ್ಲಿ ಕಬ್ಬಿಣದ ಚೂರು ಇದ್ದರೆ ಅದು ಅಲುಗಾಡಿ ಕಣ್ಣೇ ಹೋದೀತು. ಅದಕ್ಕೇ ಮೊದಲು ಕೆಲಸ ಏನೆಂದು ಕೇಳುವುದು. ಅವರು ಇಕಾಮಾ ತೋರಿಸಿದರು, ಇಲ್ಲಿದ್ದು ದುಡಿಯಲು ಸರ್ಕಾರ ಕೊಡುವ ಪರವಾನಗಿ ಕಾರ್ಡು. ಹುದ್ದೆ ಡ್ರೈವರ್. ಹಾಗೇ ಬರೆದುಕೊಂಡು, ಲೋಹದ ಕೆಲಸದ ಪ್ರಶ್ನೆಗೆ ಕೇಳದೆಯೇ 'ಇಲ್ಲ' ಎಂದು ಹಾಕಿದೆ. ಡಾಕ್ಟರು ಬೇರೆ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿ ಪ್ರಾಣ ತಿನ್ನುತ್ತಿದ್ದರು.

ಯಂತ್ರದ ಕೋಣೆಯ ಬಾಗಿಲಲ್ಲಿ, "ರೆಪ್ಪೆ ಜಾಸ್ತಿ ಬಡಿಬಾರ್ದು ಅಣ್ಣ, ಒಂದೇ ಕಡೆ ನೋಡ್ಬೇಕು" ಎಂದೆ.

ಅವರು ನಕ್ಕರು. "ಅದೆಲ್ಲ ಅಭ್ಯಾಸ ಉಂಟು ಸರ್. ಇಪ್ಪತ್ತು ವರ್ಷದಿಂದ ವೆಲ್ಡಿಂಗೇ ಅಲ್ವಾ?"

ನನ್ನ ಮೈ ಉರಿದುಹೋಯಿತು.

"ಎಂತ ಮಾರಾಯ್ರೆ! ಕೆಲಸ ಎಂತ ಅಂತ ಕೇಳಿದ್ನಲ್ಲ?"

"ಕಾಗದ ಹಿಡ್ಕೊಂಡು ಕೇಳಿದವರಿಗೆಲ್ಲ ಇಕಾಮಾದಲ್ಲಿ ಇದ್ದದ್ದೇ ಹೇಳುದು ಸರ್."

ಹೌದು, ಇಲ್ಲಿ ಎಲ್ಲರೂ ಹೇಳುವುದು ಹಾಗೇ. ನನ್ನ ರೂಮಿನಲ್ಲೇ ಅಡುಗೆಯವನೆಂದು ಬಂದು ಎಸಿ ರಿಪೇರಿ ಮಾಡುವವನಿದ್ದಾನೆ; ಅವನಿಗೆ ಚಹಾ ಕಾಸಲೂ ಬರುವುದಿಲ್ಲ. ಇಷ್ಟು ಗೊತ್ತಿದ್ದೂ ಕಣ್ಣುಮುಚ್ಚಿ ಬರೆದ ನನಗೆ ಎರಡು ಬಾರಿಸಬೇಕಿತ್ತು.

ಎಕ್ಸ್‌ರೇ ಮಾಡಿಸಿದೆ. ಎಡಗಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಡಾಕ್ಟರು ಚಿತ್ರ ನೋಡಿ, "ಇವರು ಬೇಡ, ಇನ್ನೊಬ್ಬರನ್ನು ಕರೆಯಿರಿ" ಎಂದು ಹೊರಟೇಬಿಟ್ಟರು. ಕಣ್ಣೊಳಗೆ ನೀರು ಎಲ್ಲಿ ಹೋಗುತ್ತದೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರಿಗೆ, ಈ ಮನುಷ್ಯ ಎಲ್ಲಿ ಹೋಗಬೇಕು ಎಂದು ಯೋಚಿಸಲು ಅರೆಗಳಿಗೆ ಇಲ್ಲ! ಅಡ್ಡ ನಿಂತು, ಜಗಳ ಮಾಡಿ, ಚೂರು ತೆಗೆಸಲು ಚೀಟಿ ಬರೆಸಿದೆ. ವೆಲ್ಡಿಂಗ್ ಮಾಡುವಾಗ ಸಿಡಿದದ್ದು ಎಂದು ಅದರಲ್ಲಿ ಬರೆದಿತ್ತು.

ಉಡುಪಿಯ ಅಣ್ಣ ಆ ಚೀಟಿಯನ್ನು ನನ್ನಿಂದ ಓದಿಸಿಕೊಂಡರು. ಮುಖ ಬಿಳಿಚಿಕೊಂಡಿತು.

"ವೆಲ್ಡಿಂಗ್ ಅಂತ ಬೇಡ ಸರ್. ಇಕಾಮಾಕ್ಕೂ ಕೆಲಸಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ನನ್ನನ್ನು ಊರಿಗೆ ಕಳಿಸ್ತಾರೆ."

"ಕಾರಣ ಬರೀದಿದ್ರೆ ಚೂರು ತೆಗೆಯುದಿಲ್ಲ. ಕಣ್ಣು ಹೋಗ್ತದೆ ಅಣ್ಣ, ಕಣ್ಣು!" ಕಿರುಚಿಯೇಬಿಟ್ಟೆ.

"ಇನ್ನೊಂದು ಉಂಟಲ್ಲ" ಎಂದರು. ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದರು.