ತುಂಬಿದ ಹಗೇವು

ಕಾಂಕ್ರೀಟ್ ಪಂಪಿನ ಗಾಡಿ ನಡಸೋನು ಮೊದಲು ನೋಡಬೇಕಾದ್ದು ನೆಲಾನ. ಮನಿ ಮಾಲಕ, ಅವನ ಅವಸರ, ಎಲ್ಲಾ ಆಮ್ಯಾಲೆ. ಗಾಡಿ ಮ್ಯಾಲೆ ಮಡಚಿಟ್ಟ ಕಬ್ಬಿಣದ ಉದ್ದನ ತೋಳು ಇರ್ತೈತಿ. ಅದನ್ನ ಬಿಚ್ಚಿ ಮನಿ ಮ್ಯಾಲೆ ಚಾಚಿದ್ರ ಭಾರ ಎಲ್ಲಾ ಗಾಡಿಯ ಎರಡೂ ಪಕ್ಕಕ್ಕ ಊರೋ ನಾಲ್ಕು ಕಾಲಿನ ಮ್ಯಾಲೆ ಬೀಳ್ತೈತಿ. ಒಂದು ಕಾಲು ಕುಸಿದ್ರೂ ಗಾಡಿ ಸಮೇತ ತೋಳು ಮಗಚಿ ಬಿತ್ತಂತ ತಿಳಕೋರಿ. ಆ ತೋಳಿನ ತುದಿಯಾಗ ಪೈಪ್ ಹಿಡಕೊಂಡು ನಿಲ್ಲೋನು ನಮ್ಮ ಅಕ್ಕನ ಗಂಡ. ವಯಸ್ಸಿನಾಗ ನನ್ನ ಓರಗಿಯವ, ಆದ್ರೂ ಮಾವ ಅಂತೀನಿ. ಹಂಗಾಗಿ ನೆಲದ ವಿಷಯಕ್ಕ ನಾನು ಸಿಡುಕ ಅಂತ ಕೂಡ್ಲಿಗಿಯಿಂದ ಹಡಗಲಿ ತನಕ ಹೆಸರಾಗೈತಿ. ಆಗ್ಲಿ ಬಿಡ್ರಿ.

ಹೋದ ಬ್ಯಾಸಿಗಿಯಾಗ ಗುಡೇಕೋಟೆ ಕಡೆ ಒಂದು ಮನಿಗೆ ಸ್ಲ್ಯಾಬ್ ಹಾಕಾಕ ಹೋಗಿದ್ವಿ. ಗುಡ್ಡದ ಬುಡದಾಗ ಮನಿ. ಒಂದು ಕಡೆ ಏರು, ಇನ್ನೊಂದು ಕಡೆ ತಗ್ಗು. ಮಾವ ಗಾಡಿ ಇಳಿದವನ, "ಏನಲೇ, ಇಲ್ಲಿ ಆಡು ನಿಲ್ಲಾದೂ ಕಷ್ಟ ಐತಿ" ಅಂದ. ಮನಿ ಮಾಲಕ ತಗ್ಗಿಗೆ ಮಣ್ಣು ಸುರಿಸಿ ಸಮ ಮಾಡ್ಲೇನ್ರಿ ಅಂತ ಕೇಳಿದ. "ಬ್ಯಾಡ್ರಿ ಮಾರಾಯ್ರ! ಹೊಸ ಮಣ್ಣು ಅಂದ್ರ ಗಾದಿ ಇದ್ದಂಗ, ಕಾಲು ಒಳಗ ಹೋಗ್ತೈತಿ. ಏರು ಕಡೆ ಕಡಸ್ರಿ" ಅಂದೆ. ಜೆಸಿಬಿ ಕರಸಿ ಕಡಿಸಿದ.

ಹಳೇ ಮನಿ ಕೆಡವಿದ ಜಾಗ ಆದ್ರ ಕಾಲು ಊರಾಕ ಮುಂಚೆ ಹಿರೇರನ್ನ ಕೇಳೋದು ನನ್ನ ಪದ್ಧತಿ. ಇದೂ ಅಂಥಾ ಜಾಗನ. ನಮ್ಮ ಕಡೆ ಹಿತ್ತಲದಾಗ ಹಗೇವು ಇರ್ತಿದ್ವು. ಜೋಳ ತುಂಬಿಡಾಕ ನೆಲದಾಗ ತೋಡಿದ ಆಳವಾದ ಗುಂಡಿ, ಬಾಯಿಗೆ ಚಪ್ಪಡಿ ಮುಚ್ಚಿ ಮ್ಯಾಲೆ ಮಣ್ಣು ಎಳೀತಿದ್ರು. ಈಗ ಯಾರೂ ಬಳಸಂಗಿಲ್ಲ, ಎಲ್ಲಿ ಅದಾವು ಅಂತನೂ ಗೊತ್ತಿರಂಗಿಲ್ಲ. ಮಾಲಕನ ತಾಯಿ, ಮುದುಕಿ, ಪಂಪಿನ ಪೈಪಿಗೆ ಕುಂಕುಮ ಹಚ್ಚಾಕ ಬಂದಿದ್ಲು.

"ಯವ್ವಾ, ಇಲ್ಲಿ ಕೆಳಗ ಬಾವಿ ಗೀವಿ, ಹಗೇವು ಗಿಗೇವು ಏನರ ಐತೇನು?"

"ಹಗೇವು ಐತಪ್ಪ, ನಮ್ಮತ್ತಿ ಕಾಲದ್ದು. ಆ ಮೂಲ್ಯಾಗ. ಅದು ತುಂಬಿ ಭಾಳ ವರ್ಷ ಆತು."

ತುಂಬಿ ಭಾಳ ವರ್ಷ ಆಗಿದ್ರ ಮಣ್ಣು ಕುಂತು ಗಟ್ಟಿಯಾಗಿರ್ತೈತಿ. ಆ ಮೂಲಿ ಬಿಟ್ರ ಕಾಲಿಗೆ ಬ್ಯಾರೆ ಜಾಗನೂ ಇರಲಿಲ್ಲ. ದಪ್ಪನ ಹಲಗಿ ಅಡ್ಡಡ್ಡ ಉದ್ದುದ್ದ ಹಾಸಿ ನಾಲ್ಕೂ ಕಾಲು ಊರಿದ್ವಿ. ಮಟ್ಟ ನೋಡೋ ಕೊಳವ್ಯಾಗಿನ ಗುಳ್ಳಿ ನಡುವ ನಿಂತಿತು. ತೋಳು ಬಿಚ್ಚಿ ನೆಟ್ಟಗ ಮ್ಯಾಲೆತ್ತಿದೆ. ಮಾವ ಸೆಂಟ್ರಿಂಗ್ ಹತ್ತಿ ಪೈಪಿಗೆ ಕಾಯಕೊಂತ ನಿಂತ. ಇನ್ನು ತೋಳು ಮನಿ ಕಡೆ ತಿರುಗಿಸೋದೊಂದು ಬಾಕಿ, ತಿರುಗಿಸಿದ್ರ ಭಾರ ಆ ಮೂಲಿ ಕಾಲಿಗೇ ಬರೋದು.

ಅಷ್ಟರಾಗ ಮುದುಕಿ ಚಾ ತಂದು ಕೊಟ್ಲು. "ಸಕ್ರಿ ತುಂಬೈತಿ ತಮ್ಮಾ, ಬೆಲ್ಲ ಹಾಕೀನಿ. ಬ್ಯಾಸರ ಮಾಡ್ಕೋಬ್ಯಾಡ."

ಒಂದು ಗುಟುಕು ಕುಡಿದಿದ್ದೆ. ಲೋಟ ಕೆಳಗಿಟ್ಟೆ. ನಮ್ಮವ್ವನೂ ಹಂಗ ಅಂತಿದ್ಲು. "ಹಿಟ್ಟು ತುಂಬೈತಿ, ಬೀಸಿಸ್ಕೊಂಡು ಬಾ." ಮನ್ಯಾಗ ಕಾಳು-ಕಡಿಗೆ, ಸಕ್ರಿಗೆ, ಹಿಟ್ಟಿಗೆ ಇಲ್ಲ ಅನ್ನಬಾರದು, ಖಾಲಿ ಅನ್ನಬಾರದು. ಮುಗಿದಿದ್ದಕ್ಕ ತುಂಬೈತಿ ಅನ್ಬೇಕು. ಆ ಮಾತು ಕೇಳಿ ಎಷ್ಟು ಸಲ ಗಿರಣಿಗೆ ಓಡಿದ್ನೋ ಏನೋ.

"ಮಾವಾ! ಇಳಿಯೋ ಕೆಳಗ!"

"ಯಾಕಲೇ, ನಂಗೂ ಚಾ ಐತೇನು?"

"ಇಳೀ ಅಂದ್ರ ಇಳೀ!"

ನನ್ನ ದನಿ ಕೇಳಿ ನಗೋದು ಬಿಟ್ಟು ಇಳಿದ. ತೋಳು ಮಡಚಿ, ಕಾಲು ಎತ್ತಿ, ಹಲಗಿ ಸರಿಸಿ ಹಾರಿಯಿಂದ ಕೆದರಿದ್ವಿ. ಚಪ್ಪಡಿ ಸಿಕ್ತು. ಅದರ ನಡುವ ಹೊಸಾ ಬಿರುಕು ಬಿಟ್ಟಿತ್ತು. ಅಂಚು ಎತ್ತಿ ನೋಡಿದ್ರ ಕೆಳಗ ಬರೇ ಕತ್ತಲಿ. ಮುಗ್ಗಲು ಜೋಳದ ವಾಸನಿ ಮುಖಕ್ಕ ಬಡೀತು. ಮಾವ ಬಗ್ಗಿ ನೋಡಿದೋನು ಅಲ್ಲೇ ಕುಂತುಬಿಟ್ಟ.

ನಂಗ ತಡಿಲಿಲ್ಲ. "ತುಂಬೈತಿ ಅಂದ್ಯಲ್ಲ ಮುದುಕಿ! ಇವನ ಜೀವ ಹೋಗಿದ್ರ?" ಅಂತ ಚೀರಿದೆ. "ಮನಿಗೆ ಸ್ಲ್ಯಾಬ್ ಹಾಕೋ ದಿನ ಕಾಳಿನ ಹಗೇವಿಗೆ ಖಾಲಿ ಅಂತ ಹೆಂಗ ಅನ್ಲೋ ತಮ್ಮಾ? ಬಾಯೇ ಬರಲಿಲ್ಲ" ಅಂದ್ಲು ಆಕಿ. ಅಳಕೊಂತ ಹೋಗಿ ಮಾವನ ಮುಖದ ಮ್ಯಾಲೆ ಕೈ ಆಡಿಸಿ ತನ್ನ ಕಪಾಳಕ್ಕ ನೆಟಿಗಿ ಮುರಕೊಂಡ್ಲು. ನನ್ನ ಸಿಟ್ಟು ಅಲ್ಲೇ ಇಳೀತು. ಯಾರ ಮ್ಯಾಲೆ ಸಿಟ್ಟಾಗ್ಲಿ ಹೇಳ್ರಿ?

ಗಾಡಿ ತಿರುಗಿಸಿ ಮುಂದಿನ ರಸ್ತಿ ಬದಿ, ಕಲ್ಲಬಂಡಿ ನೆಲದ ಮ್ಯಾಲೆ ನಿಲ್ಲಿಸಿದ್ವಿ. ತೋಳು ಹಿಂದಿನ ಮೂಲಿಗೆ ಮುಟ್ಟಲಿಲ್ಲ, ಅಲ್ಲಿಗೆ ಕೈಲೆ ಬುಟ್ಟಿಯಾಗ ಹೊತ್ತು ಹಾಕಿದ್ರು. ಹೊತ್ತು ಮುಳುಗೋದ್ರಾಗ ಸ್ಲ್ಯಾಬ್ ಮುಗೀತು. ಅವತ್ತಿನಿಂದ ಚಿಗಟೇರಿ ಇರ್ಲಿ, ನೀಲಗುಂದ ಇರ್ಲಿ, ಖಾಲಿ ಏನು, ಮಣ್ಣು ಹಾಕೀರೇನು ಅಂತ ಮುಖಕ್ಕ ಹೊಡದಂಗ ಕೇಳ್ತೀನಿ. ಶುಭದ ಹೊತ್ತಿನಾಗ ಎಂಥಾ ಬಾಯಪ್ಪ ನಿಂದು ಅಂತ ಹೆಣಮಕ್ಕಳು ಬೈತಾರ.

ಅವತ್ತು ಸಂಜೀಕ ಅಕ್ಕನ ಮನಿಗೆ ಉಣ್ಣಾಕ ಹೋದ್ವಿ. ಮಾವ ರೊಟ್ಟಿ ಮುರಿದು ತಾಟಿನಾಗ ಹಂಗ ಇಟ್ಕೊಂಡು ಕುಂತಿದ್ದ, ನಾನೂ ಹಂಗ. ಅಕ್ಕ ರೊಟ್ಟಿ ನೀಡಿಕೊಂತ, "ಏನಾತ್ರೋ ಇಬ್ರಿಗೂ?" ಅಂದ್ಲು. ನಿನ್ನ ಗಂಡ ಇವತ್ತು ಸಾಯ್ತಿದ್ದ ಅಂತ ಹೇಳಾಕ ಬಾಯಿ ತೆಗೆದೆ. ಕಣ್ಣು ಆಕಿ ಕೈಯಾಗಿನ ಹಸರು ಬಳಿ ಮ್ಯಾಲೆ ಬಿತ್ತು.

"ಏನಿಲ್ಲಕ್ಕ, ಎಲ್ಲಾ ಚಲೋ ಆತು" ಅಂದೆ.