ಬೆಂಬಲ ಪೂರ್ತಿ ಐತಿ, ಸಹಿ ಅಷ್ಟ ಇಲ್ಲ

ಮಸೂತಿ ಊರಿನ ಖಂಡೆಪ್ಪ ಸೈನ್ಯದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವನು. ನಿವೃತ್ತನಾಗಿ ಬಂದ ಮೇಲೆ ಮಸೂತಿಯಿಂದ ಬಸವನ ಬಾಗೇವಾಡಿಗೆ ಟಂಟಂ ಆಟೋ ಓಡಿಸತೊಡಗಿದ. ಸೇವೆಯಲ್ಲಿದ್ದಾಗ ಒಮ್ಮೆ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕಾದ ನಡುಭಾಗದ ಒಂದು ದೇಶಕ್ಕೆ ಹೋಗಿ ಬಂದಿದ್ದ. ಆ ದೇಶದ ಹೆಸರು ಊರಿನವರ ನಾಲಿಗೆಗೆ ಹತ್ತಲಿಲ್ಲ. ಆಫ್ರಿಕಾ ಖಂಡೆಪ್ಪ ಎಂದು ಕರೆದು ಮುಗಿಸಿದರು.

"ಅಲ್ಲಿ ಹುಲಿ ನೋಡಿಯೇನೋ?" ಎಂದು ಟಂಟಂ ಹತ್ತಿದವರು ಕೇಳುತ್ತಿದ್ದರು.

"ಆಫ್ರಿಕಾದಾಗ ಹುಲಿ ಇಲ್ಲೋ."

"ಹಂಗಾರ ಅಷ್ಟ ದೂರ ಹೋಗಿ ಏನ್ ನೋಡಿ ಬಂದಿ?"

ಅವನು ಗೇರು ಬದಲಿಸುತ್ತಿದ್ದ. ಅಲ್ಲಿ ಕಂಡದ್ದನ್ನು ಹೆಂಡತಿ ರುಕ್ಮವ್ವನಿಗೂ ಎಂದೂ ಹೇಳಿರಲಿಲ್ಲ.

ಕಳೆದ ವರ್ಷ ಗೌತಮಿ ಎಂಬ ವಕೀಲೆ ಅವನ ಮನೆ ಹುಡುಕಿಕೊಂಡು ಬಂದಳು. ಇಂಡಿ ಊರಿನ ಮಾಸ್ತರರೊಬ್ಬರ ಮಗಳು. ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಒಂದು ಮೊಕದ್ದಮೆಗೆ ಸಾಕ್ಷಿಗಳನ್ನು ಹುಡುಕುತ್ತಿದ್ದಳು. ಫೋನಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದಳು. ಮಣ್ಣಿನ ರಸ್ತೆ, ಒಂದು ಜೀಪು, ಜಾಕ್ ಹಿಡಿದು ನಿಂತ ಹರೆಯದ ಸೈನಿಕ. ಪಕ್ಕದಲ್ಲಿ ಹಸಿರು ಟೊಪ್ಪಿಗೆಯ ದಪ್ಪ ಮನುಷ್ಯನೊಬ್ಬ ಅವನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ. ಸೈನಿಕನ ಎದೆಯ ಪಟ್ಟಿಯಲ್ಲಿ ಖಂಡೆಪ್ಪ ಎಂಬ ಹೆಸರು.

"ಕಾಕಾ, ಇವರು ನೀವೇ ಏನ್ರಿ?"

"ನಾನಽ. ಬಾಜೂಕ ನಿಂತಾಂವ ಕರ್ನಲ್. ಹಂಗಂತ ಎಲ್ಲಾರೂ ಕರೀತಿದ್ರು. ಅವನ ಜೀಪು ಪಂಕ್ಚರ್ ಆಗಿತ್ತವ್ವಾ. ಗಾಲಿ ಬದಲಿ ಮಾಡಿ ಕೊಟ್ಟೆ. ಥ್ಯಾಂಕ್ಯೂ ಇಂಡಿಯಾ ಅಂದು ಮುಂದಿನ ಊರಿಗೆ ಹೋದ."

ಅಲ್ಲಿಗೆ ನಿಲ್ಲಿಸಿದ. ಅದೇ ಮಧ್ಯಾಹ್ನ ಅದೇ ಊರಿನಿಂದ ಆಂಬುಲೆನ್ಸಿಗೆ ಕರೆ ಬಂದದ್ದನ್ನು ಗೌತಮಿ ಬಲ್ಲಳು. ಆ ಊರಿನಲ್ಲೂ ಬೇರೆ ಕೆಲವು ಊರುಗಳಲ್ಲೂ ಜನರನ್ನು ಕೊಲ್ಲಿಸಿದ ಆರೋಪದ ಮೇಲೆ ಕರ್ನಲ್ ಈಗ ಕಟಕಟೆಯಲ್ಲಿದ್ದ. ಆ ದಿನ ತಾನು ಗಡಿಯಾಚೆ ಮಗಳ ಮದುವೆಯಲ್ಲಿದ್ದೆ, ಆ ಫೋಟೋ ಬೇರೆ ಯಾವಾಗಿನದೋ, ಎನ್ನುವುದು ಅವನ ವಾದ.

"ನಿಮ್ಮ ಮಾತು ಬೇಕ್ರಿ ಕಾಕಾ. ಹೇಗ್‌ಗೆ ಹೋಗೂದ ಬ್ಯಾಡ. ಇಲ್ಲೇ ಕ್ಯಾಮೆರಾದ ಮುಂದ ಕುಂತು ಹೇಳಿದ್ರ ಆತು. ಖರೆ, ಶಾಂತಿಪಡೆಯವರು ಸಾಕ್ಷಿ ಹೇಳಬೇಕಂದ್ರ ಅವರ ದೇಶ ಒಪ್ಪಬೇಕು."

"ದೇಶ ಯಾಕ ಬ್ಯಾಡಂತೈತಿ?" ಎಂದು ಖಂಡೆಪ್ಪ ಮರುದಿನವೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿಜಯಪುರದ ಬಸ್ಸು ಹತ್ತಿದ.

ಅಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಶ್ರೀವಲ್ಲಭ ಎಂಬ ಅಧಿಕಾರಿ ಅವನನ್ನು ಕೂಡಿಸಿ ಚಹಾ ತರಿಸಿದರು. ಮೆತ್ತನೆಯ ಮಾತಿನ ಮನುಷ್ಯ. ಎಲ್ಲ ಕೇಳಿ ಅವರ ಕಣ್ಣು ತುಂಬಿದವು.

"ಖಂಡೆಪ್ಪನವರ, ಇಂಥಾ ಕೆಲಸಕ್ಕ ನಮ್ಮ ದೇಶದ ಬೆಂಬಲ ಪೂರ್ತಿ ಐತ್ರಿ. ಸಹಿ ಅಷ್ಟ ಇಲ್ಲ."

"ಎಂಥಾ ಸಹಿ ಸಾಹೇಬ್ರ?"

"ಆ ಕೋರ್ಟಿನ ಒಪ್ಪಂದಕ್ಕ ನಾವು ಸಹಿ ಮಾಡಿಲ್ಲ. ನಾಳೆ ನಮ್ಮವರನ್ನೂ ಕರೆದು ಕೇಳಿದ್ರ? ಅದಕ್ಕ."

"ಅವರು ಕೇಳೂದು ನನ್ನನ್ರಿ. ನಾ ನೋಡಿದ್ದು."

"ನೀವು ನೋಡಿದ್ದು ಡ್ಯೂಟಿ ಮ್ಯಾಲೆ. ಅಂದ್ರ ಅದು ಸರಕಾರ ನೋಡಿದಂಗ."

"ಹಂಗಾರ ಸರಕಾರನ ಸಾಕ್ಷಿ ಹೇಳಲಿ."

"ಸರಕಾರ ಅಲ್ಲಿಗೆ ಹೆಂಗ ಹೋಗಬೇಕ್ರಿ? ಸಹಿ ಮಾಡಿಲ್ಲಲ್ಲ!"

ಖಂಡೆಪ್ಪ ಬಸಿಗೆ ಸುರಿದುಕೊಂಡಿದ್ದ ಚಹಾ ಆರುವವರೆಗೆ ಇದನ್ನು ಯೋಚಿಸಿದ. ಎಲ್ಲಿಂದ ಹಿಡಿದರೂ ಮಾತು ಸುತ್ತಿ ಅಲ್ಲಿಗೇ ಬರುತ್ತಿತ್ತು. ಶ್ರೀವಲ್ಲಭರು ಕೈಬಿಡಲಿಲ್ಲ, ದಿಲ್ಲಿಗೆ ಬರೆದರು. ದಿಲ್ಲಿ ವಿವರ ಕೇಳಿತು, ವಿವರ ಹೋಯಿತು. ಕೊಟ್ಟ ವಿವರಕ್ಕೆ ಮತ್ತಷ್ಟು ವಿವರ ಕೇಳಿತು. ಖಂಡೆಪ್ಪ ಹೋದಾಗಲೆಲ್ಲ ಚಹಾ ಮಾತ್ರ ತಪ್ಪಲಿಲ್ಲ.

ಬೇಸಿಗೆಯಲ್ಲಿ ಒಂದು ಸಂಜೆ ಟಿವಿಯಲ್ಲಿ ನಮ್ಮ ದೇಶದ ಪ್ರತಿನಿಧಿಯೊಬ್ಬರು ಯಾವುದೋ ಜಾಗತಿಕ ಸಭೆಯಲ್ಲಿ ಮಾತಾಡುವುದು ಕಂಡಿತು. ಅಮಾಯಕರ ರಕ್ತ ಹರಿಸಿದವರು ಎಲ್ಲೇ ಅಡಗಿದ್ದರೂ ಶಿಕ್ಷೆಯಾಗಬೇಕು, ಆ ಹೋರಾಟದಲ್ಲಿ ಭಾರತ ಮುಂಚೂಣಿಯಲ್ಲಿದೆ ಎಂದರು. ಖಂಡೆಪ್ಪನ ಎದೆ ಉಬ್ಬಿತು. ಬೆಳಿಗ್ಗೆ ಮೊದಲ ಬಸ್ಸಿಗೇ ಕಚೇರಿ ಮುಟ್ಟಿದ.

"ನಿನ್ನಿ ಟಿವಿಯಾಗ ಹೇಳಿದ್ರಲ್ರಿ, ಒಪ್ಪಿಗಿ ಬಂತೇನ್ರಿ?"

"ಯಾವುದು? ಓ, ಅದು ಭಾಷಣ್ರಿ," ಎಂದರು ಶ್ರೀವಲ್ಲಭ, ನೊಂದ ದನಿಯಲ್ಲಿ.

ಅವನು ಬಸ್ ನಿಲ್ದಾಣದಿಂದಲೇ ಗೌತಮಿಗೆ ಫೋನ್ ಮಾಡಿದ. "ತಂಗಿ, ನಾ ಈಗಽ ಫೋನಿನಾಗ ಎಲ್ಲಾ ಹೇಳಿಬಿಡ್ತೇನಿ. ಬರಕೋ."

"ಹಂಗ ಬರಕೊಂಡ್ರ ಕೋರ್ಟು ತಗೊಳ್ಳಂಗಿಲ್ರಿ ಕಾಕಾ," ಎಂದಳು ಅವಳು. ಅವಳ ದನಿಯೂ ಸೋತಿತ್ತು.

ಮಳೆಗಾಲದ ಮೊದಲಲ್ಲಿ ತೀರ್ಪು ಬಂತು. ಬೇರೆ ಕೆಲವು ಊರುಗಳ ವಿಷಯದಲ್ಲಿ ಕರ್ನಲ್‌ಗೆ ಶಿಕ್ಷೆಯಾಯಿತು. ಆ ಊರಿನ ಮಟ್ಟಿಗೆ ಮಾತ್ರ, ಅವನು ಅಲ್ಲಿದ್ದನೆಂದು ಹೇಳುವವರಿಲ್ಲದ ಕಾರಣ, ಅವನು ನಿರ್ದೋಷಿ. ಗೌತಮಿ ಇದನ್ನು ಹೇಳಿದ ದಿನ ಖಂಡೆಪ್ಪ ಟಂಟಂ ಹೊರಗೆ ತೆಗೆಯಲಿಲ್ಲ. ಕರ್ನಲ್ ಮದುವೆ ಊಟ ಮಾಡುತ್ತಿದ್ದರೆ ತಾನು ಯಾರ ಗಾಲಿ ಬಿಗಿದೆ ಎಂದು ಜಗುಲಿಯಲ್ಲಿ ಕುಳಿತು ಒಬ್ಬನೇ ಬಯ್ದುಕೊಂಡ.

ಇತ್ತ ಶ್ರೀವಲ್ಲಭರ ಮನಸ್ಸಿಗೆ ಸಮಾಧಾನವಿರಲಿಲ್ಲ. ಈ ಮನುಷ್ಯನಿಗೆ ಏನಾದರೂ ಮಾಡಲೇಬೇಕೆಂದು ಓಡಾಡಿ, ಸ್ವಾತಂತ್ರ್ಯ ದಿನದಂದು ಬಸವನ ಬಾಗೇವಾಡಿಯ ಮೈದಾನದಲ್ಲಿ ಸನ್ಮಾನ ಏರ್ಪಡಿಸಿದರು. ಅದಕ್ಕೆ ಎಲ್ಲ ಸಹಿಗಳೂ ಒಂದೇ ದಿನದಲ್ಲಿ ಬಿದ್ದವು.

ಶಾಲು ಹೊದಿಸಿದರು, ಹಾರ ಹಾಕಿದರು. ಅತಿಥಿಯೊಬ್ಬರು ಖಂಡೆಪ್ಪನನ್ನು ವಿಶ್ವದ ನ್ಯಾಯಕ್ಕೆ ಭಾರತ ಕೊಟ್ಟ ಬೆಂಬಲದ ಜೀವಂತ ಗುರುತು ಎಂದು ಹೊಗಳಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ಖಂಡೆಪ್ಪ ಮೈಕು ಹಿಡಿದು ಹೆಸರು, ಸೈನ್ಯದ ನಂಬರು ಹೇಳಿದ. ಆಮೇಲೆ, "ದೇವರ ಮ್ಯಾಲೆ ಆಣಿ ಮಾಡಿ ಖರೇನ ಹೇಳ್ತೇನಿ," ಎಂದ. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

ಅವನು ಎಲ್ಲವನ್ನೂ ಹೇಳಿದ. ಗಾಲಿ ಬದಲಿಸಿದ್ದು, ಜೀಪಿನ ಹಿಂದೆ ಬಂದೂಕು ಹಿಡಿದವರ ಲಾರಿಗಳು ಹೋದದ್ದು, ಮಧ್ಯಾಹ್ನ ತಾನು ಅಲ್ಲಿಗೆ ಹೋದಾಗ ಸಂತೆಯಲ್ಲಿ ಬುಟ್ಟಿಗಳ ನಡುವೆ ಮಲಗಿದ್ದವರು. "ಒಬ್ಬಾಕಿ ಹೆಣ್ಣಮಗಳು ಬಸುರಿ ಇದ್ಲು. ಹೊಟ್ಟಿ ಹಿಡಕೊಂಡು ಕುಂತಿದ್ಲು. ಗಾಡ್ಯಾಗ ಹಾಕ್ಕೊಂಡು ಓಡಿಸಿದೆ. ನಾ ಗಾಲಿ ಹಾಕದ ಇದ್ದಿದ್ರ ಅವರು ಊರಿಗೆ ತಡಾ ಮಾಡಿ ಮುಟ್ಟತಿದ್ರು. ಯಾರರೆ ಓಡಿಹೋಗ್ತಿದ್ರೋ ಏನೋ."

ಸಾಲೆಯ ಮಕ್ಕಳು ಚಾಕಲೇಟು ತಿನ್ನುವುದನ್ನು ನಿಲ್ಲಿಸಿದ್ದರು. ಅವನು ಮೈಕು ತಿರುಗಿ ಕೊಟ್ಟ. ನಿರೂಪಕ ಅದನ್ನು ಹಿಡಿದು, ಇಷ್ಟು ಸೊಗಸಾಗಿ ಅನುಭವ ಹಂಚಿಕೊಂಡ ಮಾಜಿ ಸೈನಿಕರಿಗೆ ಜೋರಾದ ಚಪ್ಪಾಳೆ ಬರಲಿ ಎಂದ. ಬಂತು.

ಊರಿಗೆ ಮರಳುವಾಗ ಟಂಟಂನಲ್ಲಿ ಅವನು, ರುಕ್ಮವ್ವ ಇಬ್ಬರೇ. ಅವಳು ಕೇಳಿದಳು.

"ಆಕಿ ಉಳಿದಳೇನ್ರಿ?"

"ಗೊತ್ತಿಲ್ಲ. ದವಾಖಾನಿ ಬಾಗಲದ ಮಟಾ ಒಯ್ದೆ. ಒಳಗ ಬಿಡಲಿಲ್ಲ."

ರುಕ್ಮವ್ವ ಅವನ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. "ಕೂಸು?" ಎಂದಳು. ಇಷ್ಟು ವರ್ಷಗಳಲ್ಲಿ ಅವನಿಗೆ ಇದನ್ನು ಕೇಳಿದವರು ಯಾರೂ ಇರಲಿಲ್ಲ. ಖಂಡೆಪ್ಪ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಆ ಮಧ್ಯಾಹ್ನದ ಉಳಿದ ಕಥೆಯನ್ನು ಅವಳಿಗೆ ಹೇಳತೊಡಗಿದ.